ಸುಂದರಾಬಾಯಿಯವರ ಎಡಗಿವಿ

ಹೊಸಬರು ಎದುರಾದರೆ ನಾವು ನೀವೆಲ್ಲ ಮೊದಲು ಕೇಳುವುದು ಯಾವ ಊರು ಎಂದು. ಸುಂದರಾಬಾಯಿಯವರು ಆ ಪ್ರಶ್ನೆಯನ್ನು ಎಂದೂ ಕೇಳಿದವರಲ್ಲ. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಕಣ್ಣನ್ನು ಅರೆಮುಚ್ಚಿ, ಎದುರಿನವರ ಬಾಯಿಂದ ಎರಡು ವಾಕ್ಯ ಹೊರಬೀಳುವವರೆಗೆ ಸುಮ್ಮನೆ ನಿಂತು, ಮೂರನೆಯದಕ್ಕೆ ಎಡೆಗೊಡದೆ, ಆ ಮನುಷ್ಯನ ಊರಿಗೊಂದು ಬಾಲ ಹಚ್ಚಿ ಅವನ ಕೈಗೇ ಕೊಟ್ಟುಬಿಡುತ್ತಿದ್ದರು. “ನೀವು ಸಿಂಧನೂರಿಗರು.” “ನೀವು ಬೀದರಿ.” “ನಿಮ್ಮ ಮನಿಯವರು ಸೋಲಾಪುರಕರ್ ಇರಬೇಕು, ನಿಮ್ಮ ಮಾತಿಗೆ ಅವರ ಒಗ್ಗರಣಿ ಬಿದ್ದೈತಿ.” ಕೇಳಿಸಿಕೊಂಡವರು ಬೆರಗಾಗಿ ಹೌದೆಂದರೆ ಅವರಿಗದು ಸಂತೋಷದ ವಿಷಯವೇನೂ ಅಲ್ಲ; ಹಾಲು ಬಿಳಿ ಎಂದದ್ದಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ ಎಂಬ ಮುಖ. ತಪ್ಪಿದ್ದು ಕಡಿಮೆ, ತಪ್ಪಿದಾಗ ಒಪ್ಪಿಕೊಂಡದ್ದು ಇನ್ನೂ ಕಡಿಮೆ.

ಬಾಲಾನಗರದ ಬದಿಯಲ್ಲಿ ವಿಮಾನದ ಉಪಕರಣಗಳನ್ನು ತಯಾರಿಸುತ್ತಿದ್ದ ಸರಕಾರಿ ಕಾರ್ಖಾನೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಮೂವತ್ತು ಚಿಲ್ಲರೆ ವರ್ಷ ಆಪರೇಟರ್ ಆಗಿದ್ದರು. ಕಿಸೆಯಲ್ಲೊಂದು ಫೋನು ಇಟ್ಟುಕೊಂಡು ತಿರುಗುವ ಈ ಕಾಲದವರಿಗೆ ಆ ಕೆಲಸದ ಅಧಿಕಾರ ತಿಳಿಯಲಾರದು. ಹುಬ್ಬಳ್ಳಿಯಿಂದ ಬಂದ ಸಾವಿನ ಸುದ್ದಿಯಾಗಲಿ, ದಿಲ್ಲಿಯಿಂದ ಬಂದ ಬಡ್ತಿಯ ಸುದ್ದಿಯಾಗಲಿ, ಮೊದಲು ಸುಂದರಾಬಾಯಿಯವರ ಎಡಗಿವಿಯನ್ನು ಹಾಯ್ದೇ ಒಳಗೆ ಬರಬೇಕಿತ್ತು. ಹೆಡ್‌ಸೆಟ್ಟಿನ ಭಾರಕ್ಕೆ ಆ ಕಡೆಗೆ ವಾಲಿದ ಕತ್ತು ನಿವೃತ್ತಿಯ ನಂತರವೂ ನೆಟ್ಟಗಾಗಲಿಲ್ಲ. ನಡಿಗೆಯೂ ಅದೇ ಬಗೆಯದು: ಹಗ್ಗ ಕಟ್ಟಿದ ಕರುವಿನಂತೆ ನಾಲ್ಕಾರು ಹೆಜ್ಜೆ ನಡೆದು, ಅರೆಕ್ಷಣ ತಡೆದು, ವಾಯರು ಕಿತ್ತುಬರಲಿಲ್ಲ ಎಂಬುದು ಖಾತ್ರಿಯಾದ ಮೇಲೆ ಮುಂದುವರಿಯುವರು. ಮಾತು ಮುಗಿಸುವಾಗ ‘ಬರ್ತೀನಿ’ ಎನ್ನುವ ರೂಢಿ ಅವರಿಗಿರಲಿಲ್ಲ. “ಕೊಟ್ಟೆ” ಎನ್ನುತ್ತಿದ್ದರು. ಲೈನ್ ಕೊಟ್ಟೆ, ಇನ್ನು ನೀವುಂಟು ನಿಮ್ಮ ಮಾತುಂಟು ಎಂದು ಅದರರ್ಥ. ಕಾಲೊನಿಯ ತರಕಾರಿ ಗಾಡಿಯವನು ಈ ‘ಕೊಟ್ಟೆ’ಯನ್ನು ಕೇಳಿ, ಕಾಸು ಕೊಟ್ಟದ್ದಾಗಿದೆಯೋ ಏನೋ ಎಂದು ಎಷ್ಟೋ ಸಲ ತನ್ನ ಗಲ್ಲಾಪೆಟ್ಟಿಗೆಯನ್ನು ತಡಕಾಡಿದ್ದುಂಟು.

ಅವರ ಕೋಟಿನ ಬಗ್ಗೆಯೂ ಹೇಳಬೇಕು. ಎಕ್ಸ್‌ಚೇಂಜಿನ ಯಂತ್ರಗಳಿಗೆ ತಂಪು ಬೇಕೆಂದು ಆ ಕೋಣೆಯಲ್ಲಿ ಹಗಲೂ ಇರುಳೂ ಏಸಿ. ಯಂತ್ರಗಳ ನಡುವೆ ಕೂತ ಮನುಷ್ಯರಿಗೆ ಚಳಿ ತಡೆಯಲೆಂದು ಕಾರ್ಖಾನೆಯವರೇ ಕೊಟ್ಟ ಕಡುನೀಲಿ ಉಣ್ಣೆಯ ಕೋಟು. ನಿವೃತ್ತರಾಗಿ ವರುಷಗಳೇ ಸಂದರೂ, ಹೈದರಾಬಾದಿನ ಮೇ ತಿಂಗಳ ಬಿಸಿಲು ತಲೆಯ ಮೇಲೆ ಕಾವಲಿ ಇಟ್ಟಂತಿದ್ದರೂ, ಸೀರೆಯ ಮೇಲೆ ಆ ಕೋಟಿಲ್ಲದೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಎಡಗಿಸೆಯಲ್ಲಿ ಲವಂಗ, ಬಲಗಿಸೆಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ, ಎರಡೂ ಗಂಟಲಿಗಾಗಿ. ಸೆಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆ, “ಸೆಕಿ ಹೊರಗಿನವರಿಗ್ರಿ” ಎಂಬ ಉತ್ತರ ಸಿಗುತ್ತಿತ್ತು. ಏನರ್ಥವೆಂದು ಯಾರಿಗೂ ತಿಳಿಯದೆ ಎಲ್ಲರೂ ತಲೆಯಾಡಿಸುತ್ತಿದ್ದರು.

ಬಾಲಗಳ ವಿಷಯದಲ್ಲಿ ಅವರದೇ ಒಂದು ಶಾಸ್ತ್ರವಿತ್ತು. ವ್ಯಾಕರಣ ಓದಿದವರು ಕೇಳಿದರೆ ನಕ್ಕಾರು, ಆದರೆ ನಗುವ ಮುನ್ನ ಒಮ್ಮೆ ಯೋಚಿಸಿಯಾರು. “‘ಇಗ’ ಅಂದ್ರ ಹೊಲ ಇದ್ದಾವ. ‘ಇ’ ಅಂದ್ರ ಟಿಕೀಟ ತಗೊಂಡು ಬಂದಾವ. ‘ಕರ್’ ಅಂದ್ರ ವಾಡೇದಾವ, ವಾಡೆ ಬಿದ್ದು ಹೋಗಿದ್ರೂ ಚಿಂತಿಲ್ಲ. ‘ವಾಲಾ’ಗ ಮನಿ ಇಲ್ಲ, ಅಂಗಡಿ ಅಷ್ಟ ಐತಿ.” ಹೀಗೆ ಮೈಸೂರಿಗ, ಹೈದರಾಬಾದಿ, ಸಾಂಗಲೀಕರ್, ಚಾಯ್‌ವಾಲಾ ಎಲ್ಲರಿಗೂ ಅವರವರ ಆಸ್ತಿ ಹಂಚಿಕೆಯಾಗುತ್ತಿತ್ತು. ನಮ್ಮ ‘ಅವರು’ ಎಂಬಂಥ ತೆಲುಗಿನ ‘ವಾಳ್ಳು’ ಬಗ್ಗೆ ಅವರಿಗೆ ವಿಶೇಷ ಗೌರವ; ಊರಿಗೂ ಹತ್ತುತ್ತದೆ, ಬ್ಯಾಂಕಿಗೂ ಹತ್ತುತ್ತದೆ, ಹಾಲಿಗೂ ಹತ್ತುತ್ತದೆ, ಧರ್ಮಛತ್ರದಂತೆ ಯಾರು ಬಂದರೂ ಒಳಗೆ ಬಿಟ್ಟುಕೊಳ್ಳುತ್ತದೆ ಎನ್ನುವರು. ಕನ್ನಡಿಗ ಎಂಬ ಮಾತಿಗೆ ಮಾತ್ರ ಅವರ ಧ್ವನಿ ಸ್ವಲ್ಪ ಇಳಿಯುತ್ತಿತ್ತು. “ಉಳದವರು ಊರಿಗೆ ಬಾಲ ಹಚ್ಚತಾರ. ನಾವು ಭಾಷಾಕ್ಕ ಹಚ್ಚಿಕೊಂಡೀವಿ. ಹೊಲ ಇಲ್ಲದಾವಗೂ ಇದೊಂದು ಹೊಲ ಇರಲಿ ಅಂತ.”

ಜನರಿಗಷ್ಟೇ ಅಲ್ಲ, ಜನರ ಪರಿಭಾಷೆಗಳಿಗೂ ಅವರ ಕೈಯಿಂದ ನಾಮಕರಣ ತಪ್ಪಿದ್ದಲ್ಲ. ಹಳಗನ್ನಡ ನಡುಗನ್ನಡಗಳ ಅಚ್ಚಿನಲ್ಲೇ ಅವರು ಎರಕ ಹೊಯ್ದ ಕನ್ನಡಗಳು ಕಾರ್ಖಾನೆಯ ತುಂಬ ಓಡಾಡುತ್ತಿದ್ದವು. ಲೆಕ್ಕಪತ್ರದ ವಿಭಾಗದ್ದು ‘ಬಿಲ್ಲುಗನ್ನಡ’. ಅದರಲ್ಲಿ ಯಾವ ಕೆಲಸವೂ ಆಗಿದೆ ಎಂದಿಲ್ಲ, ಆಗಿಲ್ಲ ಎಂದೂ ಇಲ್ಲ, ಎಲ್ಲವೂ ‘ಪ್ರೊಸೆಸ್‌ನ್ಯಾಗ ಐತಿ’. ಕಾವಲಿನವರದು ‘ಗೇಟುಗನ್ನಡ’, ನಿಲ್ಲು, ತೋರಿಸು, ಬರೆ, ಹೋಗು ಎಂಬ ಆಜ್ಞೆಗಳ ಹೊರತು ಅಲ್ಲಿ ವಾಕ್ಯವೇ ಇಲ್ಲ. ‘ಯೂನಿಯನ್ನುಗನ್ನಡ’ ಸಂಗಾತಿಗಳೇ ಎಂದು ಶುರುವಾಗಿ ಊಟದ ಸೈರನ್ನಿನವರೆಗೆ ಕೊನೆಮುಟ್ಟದ ದೀರ್ಘ ಸಮಾಸ. ಈಚೆಗೆ ಕೊಂಡಾಪುರದ ಎತ್ತರದ ಆಫೀಸುಗಳಿಗೆ ಹೋಗುವ ಕಾಲೊನಿಯ ಹುಡುಗ ಹುಡುಗಿಯರ ಮಾತಿಗೆ ‘ಟವರುಗನ್ನಡ’ ಎಂಬ ಬಿರುದು ಸಂದಿತ್ತು. “ಕಾಲ್ ಮಾಡು, ಲಾಗಿನ್ ಮಾಡು, ಎಸ್ಕಲೇಟ್ ಮಾಡು. ಕನ್ನಡದಾಗ ‘ಮಾಡು’ ಒಂದ ಉಳದೈತಿ ನೋಡ್ರಿ, ಅದರ ಮ್ಯಾಲ ಇಡೀ ಕೊಂಡಾಪುರ ನಿಂತೈತಿ” ಎಂದು ಅವರೆಂದರೆ ಆ ಮಕ್ಕಳೂ ನಗುತ್ತಿದ್ದರು.

ಒಮ್ಮೆ ಅಬಿಡ್ಸಿನ ದೊಡ್ಡ ಅಂಚೆಕಚೇರಿಯಲ್ಲಿ ನಡೆದದ್ದನ್ನು ಅವರು ಬಾಯಿತುಂಬ ಹೇಳುತ್ತಿದ್ದರು. ಸಾಲಿನಲ್ಲಿ ಅವರ ಮುಂದೆ ನಿಂತ ಇಬ್ಬರು ಗೃಹಸ್ಥರು ಏನೋ ಚೀಟಿಯ ವಿಷಯಕ್ಕೆ ತೆಲುಗಿನಲ್ಲಿ ಜಗಳ ಹಚ್ಚಿಕೊಂಡಿದ್ದರಂತೆ. ಒಬ್ಬನದು ತಡವರಿಸುವ ತೆಲುಗು, ಇನ್ನೊಬ್ಬನದು ಎಡವುವ ತೆಲುಗು; ಬೈಗುಳಕ್ಕೆ ತಕ್ಕ ಶಬ್ದ ಸಿಗದೆ ಇಬ್ಬರೂ ಬೆವರುತ್ತಿದ್ದರು. ಸುಂದರಾಬಾಯಿಯವರು ಎಡಗಿವಿ ಒಡ್ಡಿ ಕೇಳಿ, “ಕೊಪ್ಪಳದವರ, ಮಾನವಿಯವರ, ಇಬ್ಬರೂ ಕನ್ನಡದವರಿದ್ದು ಪಾಪ ಆ ತೆಲುಗಿಗೆ ಯಾಕ ತ್ರಾಸು ಕೊಡಾಕತ್ತೀರಿ? ನಿಮ್ಮ ಮಾತಿನ್ಯಾಗ ಬಡದಾಡ್ರಿ, ಹಗುರ ಆಕ್ಕೈತಿ” ಎಂದರು. ಇಬ್ಬರೂ ಕಕ್ಕಾಬಿಕ್ಕಿಯಾಗಿ ಒಬ್ಬರ ಮುಖ ಒಬ್ಬರು ನೋಡಿ, ಜಗಳ ಬಿಟ್ಟು ಚಹಾಕ್ಕೆ ಹೋದರಂತೆ. ಇದು ಈ ಊರಿನಲ್ಲಿ ನಮ್ಮವರು ನಿತ್ಯವೂ ಮಾಡುವ ತಪ್ಪು. ಮನೆಯ ಹೊಸ್ತಿಲಾಚೆ ಕನ್ನಡವಿಲ್ಲವೆಂದು ಮೊದಲೇ ತೀರ್ಮಾನಿಸಿ, ಚಪ್ಪಲಿ ಮೆಟ್ಟಿಕೊಳ್ಳುವಾಗಲೇ ತೆಲುಗನ್ನೋ ಹಿಂದಿಯನ್ನೋ ಮೆಟ್ಟಿಕೊಂಡು ಹೊರಬೀಳುತ್ತೇವೆ. ಎದುರು ಮನೆಯವನೂ ಹಾಗೆಯೇ ಹೊರಬಿದ್ದಿರುತ್ತಾನೆ. ಹತ್ತಾರು ವರ್ಷ ಹೀಗೇ ನಡೆದುಬಿಡುವುದೂ ಉಂಟು.

ಇಂಥ ಕಿವಿ ಇರುವಾಗ ಕಾಲೊನಿಯವರು ಅದನ್ನು ಸುಮ್ಮನೆ ಬಿಟ್ಟಾರೆಯೇ? ಧಾರವಾಡ, ಹಾವೇರಿ, ತುಮಕೂರು, ಕಲಬುರಗಿ ಎಂದು ದಿಕ್ಕಿಗೊಂದರಂತೆ ಬಂದು ಸೇರಿದ ನೌಕರಿಯ ಸಂಸಾರಗಳು. ಮಕ್ಕಳಿಗೆ ಸಂಬಂಧ ಬಂದರೆ ಊರಿಗೆ ಹೋಗಿ ಹಿಂದುಮುಂದು ವಿಚಾರಿಸುವ ನಂಟುಗಳೆಲ್ಲ ಕಡಿದುಹೋಗಿದ್ದವು. ಹಾಗಾಗಿ ಗಂಡಿನ ಕಡೆಯವರನ್ನೋ ಹೆಣ್ಣಿನ ಕಡೆಯವರನ್ನೋ ಚಹಾಕ್ಕೆ ಕರೆದು, ಅದೇ ಹೊತ್ತಿಗೆ ಸುಂದರಾಬಾಯಿಯವರನ್ನೂ ಕರೆದು ಒಂದು ಮೂಲೆಯ ಕುರ್ಚಿಯಲ್ಲಿ ಕೂರಿಸುವ ಪದ್ಧತಿ ಬೆಳೆಯಿತು. “ಬಾಯಿಯವರ ಕಿವಿಗೆ ಹಾಕಿದ್ರೇನ್ರಿ?” ಎಂದು ಕೇಳಿದರೆ ನಮ್ಮಲ್ಲಿ ಅದು ಬರಿಯ ಮಾತಾಗಿರಲಿಲ್ಲ, ಲಗ್ನದ ಮೊದಲ ಶಾಸ್ತ್ರವೇ ಆಗಿತ್ತು. ಒಮ್ಮೆ ಸಿರಿವಂತರ ಮನೆಯ ಸಂಬಂಧವೊಂದನ್ನು ಅವರು, “ಆ ಮನ್ಯಾಗ ಹೆಂಗಸರು ಮಾತು ಶುರು ಮಾಡತಾರ, ಮುಗಸೂದಿಲ್ಲ” ಎಂದಷ್ಟೇ ಹೇಳಿ ತಪ್ಪಿಸಿದರು. ಸರಿಯಾಯಿತೋ ತಪ್ಪಾಯಿತೋ ದೇವರೇ ಬಲ್ಲ. ಅಂತೂ ಆ ಕಿವಿಯ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಇಷ್ಟೆಲ್ಲ ಜನರಿಗೆ ಬಾಲ ಹಚ್ಚಿದ ಈ ಹೆಣ್ಣುಮಗಳ ಸ್ವಂತ ಬಾಲ ಯಾವುದೆಂದು ಮಾತ್ರ ಯಾರೂ ಕೇಳಿರಲಿಲ್ಲ. ಅವರ ಮಾತು ಅಚ್ಚ ಧಾರವಾಡದ್ದಾಗಿತ್ತು. ಧಾರವಾಡದವರೆಂದೇ ನಾವೆಲ್ಲ ತಿಳಿದಿದ್ದೆವು. ನಿಜಸಂಗತಿ ಬೇರೆ. ಅವರ ತಾಯಿತಂದೆ ಯಾದಗಿರಿಯ ಆಚೆ ಭೀಮಾ ದಂಡೆಯ ಹಳ್ಳಿಯೊಂದರಿಂದ, ಇದೇ ಕಾರ್ಖಾನೆಯ ಸುತ್ತುಗೋಡೆ ಏಳುವಾಗ ಕಲ್ಲು ಒಡೆಯಲು ಬಂದವರು. ಗೋಡೆಯ ಬದಿಯ ತಗಡಿನ ಗುಡಿಸಲಲ್ಲಿ ಬೆಳೆದ ಹುಡುಗಿ ಸುಂದ್ರವ್ವ, ಸರಕಾರಿ ಶಾಲೆಯಲ್ಲಿ ಓದಿ, ಒಳ್ಳೆಯ ಕಂಠದ ಬಲದಿಂದ ಗೋಡೆಯ ಒಳಗೆ ಕೆಲಸ ಹಿಡಿದಳು. ಎಕ್ಸ್‌ಚೇಂಜಿನ ಹಿರಿಯ ಆಪರೇಟರ್ ಗುರುಬಾಯಿ ಧಾರವಾಡದವರು, ಕಟ್ಟುನಿಟ್ಟಿನ ಹೆಂಗಸು. ಮೊದಲ ದಿನವೇ ಹೇಳಿದರಂತೆ: “ನಿನ್ನ ದನಿ ಬಂಗಾರ ಐತಿ ಹುಡುಗಿ, ಮಾತಷ್ಟ ತೊಳದು ಹಾಕಬೇಕು.” ಹುಡುಗಿ ತೊಳೆದು ಹಾಕಿದಳು. ಗುರುಬಾಯಿಯವರ ಹೆಡ್‌ಸೆಟ್ಟಿನ ಜೊತೆಗೆ ಅವರ ‘ಐತಿ’, ಅವರ ‘ರಿ’, ಅವರ ರಾಗ, ಕೊನೆಗೆ ಹೆಸರಿನ ತುದಿಯ ‘ಬಾಯಿ’ ಕೂಡ ಇವಳಿಗೆ ಬಂದವು.

ಕ್ವಾರ್ಟರ್ಸ್ ಸಿಕ್ಕಿದ ಮೇಲೆ ತಾಯಿ ಸುಗಲಮ್ಮನನ್ನು ಕರೆತಂದು ಇಟ್ಟುಕೊಂಡರು. ಮುದುಕಿಗೆ ಊಟ, ಉಡುಗೆ, ಔಷಧಿ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಒಂದೇ ಒಂದು ಕಟ್ಟಳೆ: ಮಂದಿ ಬಂದಾಗ ಮಾತಾಡಬೇಡ. ಸುಗಲಮ್ಮ ಮಗಳ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ಆಕೆಗೆ ಕಿವಿ ಕೇಳಿಸದು, ಅದಕ್ಕೇ ಬಾಯಿಲ್ಲ ಎಂದು ಇಡೀ ಕಾಲೊನಿ ನಂಬಿತ್ತು. ಬಂದ ಹೆಂಗಸರು ಕೈಸನ್ನೆಯಿಂದ ಊಟವಾಯಿತೇ ಎಂದು ಕೇಳುವರು. ಆಕೆ ಕೈಸನ್ನೆಯಿಂದಲೇ ಆಯಿತೆನ್ನುವಳು. ಹಾಗೆಯೇ ಇದ್ದು, ಹಾಗೆಯೇ ತೀರಿಕೊಂಡಳು. ಯಾರ ದನಿಯನ್ನಾದರೂ ಹಿಡಿಯಬಲ್ಲ ಸುಂದರಾಬಾಯಿಯವರಿಗೆ ತಾಯಿಯ ದನಿ ಹೇಗಿತ್ತೆಂಬುದು ಬರಬರುತ್ತ ಮಸುಕಾಯಿತು. ಅದೊಂದು ನೋವು ಅವರಿಗೆ ಉಳಿದಿತ್ತು. ಮದುವೆಯನ್ನಂತೂ ಅವರು ಆಗಲೇ ಇಲ್ಲ. ತಮ್ಮ ಮನೆಯ ಚಹಾಕ್ಕೆ ಯಾರ ಕಿವಿ ಬಂದು ಕೂತೀತೋ ಎಂಬ ಅಂಜಿಕೆಯೂ ಅದರಲ್ಲಿತ್ತೆಂದು ಆಮೇಲೆ ಅವರೇ ಹೇಳಿದರು.

ಕಳೆದ ವರ್ಷ ಚನ್ನಬಸಪ್ಪನವರ ಮಗಳು ಸಂಯುಕ್ತಾ ತಾನೇ ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಕೊಂಡಾಪುರದ ಅವಳದೇ ಆಫೀಸಿನ ಸೂರಜ್. ಚನ್ನಬಸಪ್ಪನವರು ಹಾವೇರಿಯ ಕಡೆಯವರು, ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದು ನಿವೃತ್ತರಾದವರು, ನಮ್ಮ ಕನ್ನಡ ಸಂಘದ ಕಂಬ. ಹುಡುಗನ ತಂದೆ ಇಲ್ಲ, ತಾಯಿ ಕಟ್ಟಡದ ಕೂಲಿ ಮಾಡಿ ಸಾಕಿದವಳು ಎಂದು ಮಗಳು ಮುಚ್ಚುಮರೆಯಿಲ್ಲದೆ ಹೇಳಿದಾಗ, ಅವರು ಎದೆಯುಬ್ಬಿಸಿ, “ಕೂಲಿ ಮಾಡಿದ್ರೇನಾತು, ಜಾತಿ ಗೀತಿ ನಾ ಕೇಳೂದಿಲ್ಲ. ಕನ್ನಡದವರಾದ್ರ ಸಾಕು” ಎಂದುಬಿಟ್ಟರು. ಒಂದೇ ಷರತ್ತು ಇಟ್ಟುಕೊಂಡವನಿಗೆ ಮಿಕ್ಕವನ್ನೆಲ್ಲ ಅದರ ಬೆನ್ನ ಹಿಂದೆ ಬಚ್ಚಿಡುವುದು ಸುಲಭವೆಂಬುದು ಪ್ರಾಯಶಃ ಅವರಿಗೇ ಗೊತ್ತಿರಲಿಲ್ಲ.

ಹುಡುಗನನ್ನು ಬಾಯಿಯವರ ಕಿವಿಗೆ ಹಾಕಲಾಯಿತು. ಅವನ ಕನ್ನಡ ಟೀವಿಯ ವಾರ್ತೆ ಕೇಳಿ ಕಲಿತ, ಇಸ್ತ್ರಿ ಮಾಡಿ ಮಡಿಚಿಟ್ಟಂಥ ಕನ್ನಡ. ಸುಂದರಾಬಾಯಿಯವರು ಎರಡಲ್ಲ, ಇಪ್ಪತ್ತು ವಾಕ್ಯ ಕೇಳಿದರು, ಬಾಲ ಸಿಗಲಿಲ್ಲ. ಅವನು ಹೋದ ಮೇಲೆ, “ಈ ಹುಡುಗ ತನ್ನ ಮಾತು ತೊಳದು ಹಾಕ್ಯಾನ್ರಿ” ಎಂದರು. ಹೇಳಿದ ಮರುಕ್ಷಣ ಅವರ ಮುಖ ಸಪ್ಪಗಾಯಿತು. ಬೇರೆ ಮಾತಿಗೆ ಹೊರಳಬೇಕೆಂದು ಅವಸರದಲ್ಲಿ, “ತಾಯೀನ್ನ ಕರಸ್ರಿ. ಮಗನ ಮಾತು ಪ್ಯಾಟೀದು, ತಾಯಿ ಮಾತು ಮನೀದು. ಆಕಿ ಬಾಯಿ ಬಿಟ್ರ ಗೊತ್ತಾಕ್ಕೈತಿ” ಎಂದು ಸೇರಿಸಿದರು. ಹೀಗೆ, ಮುಂದೆ ಬಂದ ತೊಡಕಿಗೆ ಅವರೇ ಕಾರಣರಾದರು.

ಮುಂದಿನ ಭಾನುವಾರ ಮುಂಜಾನೆ, ನೆರೆಯವರು ನಾವೂ ಕೆಲವರು ಸೇರಿದ್ದಾಗ, ಸೂರಜನ ತಾಯಿ ಬಂಡೆಮ್ಮ ಮಗನೊಡನೆ ಬಂದಳು. ಹೊಸ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಸಿಮೆಂಟು ಕಚ್ಚಿ ಬಿರಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸೋಫಾದ ತುದಿಯಲ್ಲಿ ಕೂತಳು. ಚನ್ನಬಸಪ್ಪನವರು ಕೈಮುಗಿದು, “ಬರ್ರಿ, ಆರಾಮ ಅದೀರೇನ್ರಿ?” ಎಂದು ಕೇಳಿದರು. ಬಂಡೆಮ್ಮ ಎದ್ದು ನಿಂತು, “ಬಾಗುನ್ನಾಮಂಡಿ, ಮೀರು ಬಾಗುನ್ನಾರಾ?” ಎಂದು ತೆಲುಗಿನಲ್ಲೇ ಕುಶಲ ಕೇಳಿದಳು. ಕೋಣೆಯಲ್ಲಿದ್ದವರ ಮುಖ ಬದಲಾಯಿತು. ಚನ್ನಬಸಪ್ಪನವರ ಹೆಂಡತಿ ವನಜಾ ಚಹಾ ಮುಂದಿಟ್ಟು, “ತಗೋರಿ” ಎಂದರೆ, “ವದ್ದಂಡಿ, ಪರವಾಲೇದಂಡಿ” ಎಂದು ಬೇಡವೆನ್ನುವ ಉತ್ತರ. ಸೂರಜ್ ಕೆಂಪಗಾಗಿ, “ಅವ್ವಾ, ಕನ್ನಡದಲ್ಲಿ ಮಾತಾಡು” ಎಂದು ಪಿಸುಗುಟ್ಟಿದ. ಬಂಡೆಮ್ಮ ಬಾಯಿ ತೆರೆದಳು. “ನಮಸ್ಕಾರ” ಎಂಬೊಂದು ಪದ ಹೊರಬಂತು, ಆಮೇಲೆ ಮತ್ತೇನೂ ಬರಲಿಲ್ಲ.

ಆಕೆಯ ಕಷ್ಟ ಹೀಗಿತ್ತು. ಇಷ್ಟು ವರ್ಷ ಇಂಜಿನಿಯರು, ಸೂಪರ್‌ವೈಜರು, ಮನೆ ಮಾಲೀಕರು ಯಾರೇ ಎದುರು ಬಂದರೂ ತೆಲುಗಿನಲ್ಲಿ, ನಮ್ಮ ‘ರಿ’ಯಂಥ ‘ಅಂಡಿ’ ಹಚ್ಚಿ ಮಾತಾಡುವುದೇ ಮರ್ಯಾದೆ ಎಂದು ಕಲಿತವಳು. ಕನ್ನಡವೆಂದರೆ ಒಲೆಯ ಮುಂದಿನದು, ಮಗನನ್ನು ಗದರುವುದು, ಗಂಡ ಸತ್ತಾಗ ಅತ್ತದ್ದು. ಅಂಥದ್ದನ್ನು ಈ ಸೋಫಾದ ಮೇಲೆ ಕೂತು ಆಡಿದರೆ ಮಗನ ಮಾನ ಹೋದೀತೆಂದು ಆಕೆ ಅಂಜಿದ್ದಳು. ಮಗ ಬೇರೆ ಹೊರಡುವಾಗ ‘ಶುದ್ಧವಾಗಿ ಮಾತಾಡು’ ಎಂದು ಹೇಳಿ ತಂದಿದ್ದ. ಶುದ್ಧ ಆಕೆಗೆ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಶುದ್ಧವಲ್ಲವೆಂದು ಆಕೆ ನಂಬಿದ್ದಳು.

ಚನ್ನಬಸಪ್ಪನವರು ಲೋಟ ಕೆಳಗಿಟ್ಟರು. “ಹೆತ್ತ ತಾಯಿಗೆ ಬರದ ಭಾಷಾ ಮಗಗ ಹ್ಯಾಂಗ ಬಂತಪಾ? ನಮ್ಮ ಹುಡುಗಿ ಸಲುವಾಗಿ ಕಲತಿ ಏನು?” ಎಂದರು. ದನಿ ಎತ್ತರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸುಳ್ಳುಗಾರನೆಂಬ ಮಾತು ಕೋಣೆಯಲ್ಲಿ ಆಡದೆಯೇ ಆಡಿದಂತಾಗಿ, ಸೂರಜ್ ತಲೆ ತಗ್ಗಿಸಿದ. ಒಳಬಾಗಿಲಲ್ಲಿ ನಿಂತಿದ್ದ ಸಂಯುಕ್ತಾ, “ಅಪ್ಪಾ, ಅವ ಸುಳ್ಳು ಹೇಳಿಲ್ಲ” ಎಂದದ್ದು ಯಾರಿಗೂ ಬೇಕಾಗಲಿಲ್ಲ. ಎಲ್ಲರ ಕಣ್ಣೂ ಮೂಲೆಯ ಕುರ್ಚಿಗೆ ಹೊರಳಿದವು.

“ಕನ್ನಡದವರ ಇದ್ದಾರ್ರಿ” ಎಂದರು ಸುಂದರಾಬಾಯಿ.

“ಬಾಯಿಯವರ, ಆಕಿ ಕನ್ನಡದಾಗ ಒಂದು ಮಾತೂ ಆಡಿಲ್ಲ. ಏನು ಕೇಳಿ ಹೇಳಾಕತ್ತೀರಿ?” ಎಂದರು ಚನ್ನಬಸಪ್ಪ. ಆ ಕಿವಿಯ ತೀರ್ಪಿಗೆ ಮೊದಲ ಸಲ ತಕರಾರು ಬಂದಿತ್ತು, ಮತ್ತು ಆ ತಕರಾರು ನ್ಯಾಯವಾಗಿಯೇ ಇತ್ತು.

ಸುಂದರಾಬಾಯಿಯವರು ಬಂಡೆಮ್ಮನ ಕಡೆ ತಿರುಗಿ ತಮ್ಮ ಧಾರವಾಡದ ಮಾತಿನಲ್ಲೇ, “ಹೇಳ್ರಿ ಅವ್ವಾರ, ನಿಮ್ಮ ಮಗನ್ನ ಹ್ಯಾಂಗ ಬೆಳಸಿದ್ರಿ, ಒಂದೆರಡು ಮಾತು ಹೇಳ್ರಿ” ಎಂದು ಕೇಳಿ ನೋಡಿದರು. ಅದೂ ಬಂಡೆಮ್ಮನಿಗೆ ದೊಡ್ಡವರ ಮಾತಾಗಿಯೇ ಕೇಳಿಸಿತು. ಆಕೆ ಮತ್ತಷ್ಟು ಮುದುಡಿ, ಕೈಯಾಡಿಸಿ, ಏನೂ ಇಲ್ಲವೆಂದು ಸನ್ನೆ ಮಾಡಿದಳು.

ಆ ಕೈಸನ್ನೆಯನ್ನು ಸುಂದರಾಬಾಯಿಯವರು ಬಹಳ ವರ್ಷ ತಮ್ಮ ಮನೆಯಲ್ಲೇ ಕಂ‍ಡಿದ್ದರು. ಈ ಹೆಂಗಸನ್ನು ಕರೆಸಿದವರು ತಾವೇ. ಈಗ ಈಕೆ ಹೀಗೆಯೇ ಮೂಕಿಯಾಗಿ ಎದ್ದು ಹೋದರೆ ಹುಡುಗನ ಹಣೆಗೆ ಸುಳ್ಳಿನ ಬಾಲ ಅಂಟಿ, ಎರಡು ಎಳೆಯ ಬದುಕು ಇಲ್ಲೇ ಕಡಿದು ಬೀಳುತ್ತದೆ. ಆಕೆಯ ಬಾಯಿ ತೆರೆಸುವ ಮಾತು ಅವರ ಹತ್ತಿರ ಇತ್ತು. ಅದನ್ನು ಆಡಿದರೆ ಕೋಣೆಯಲ್ಲಿದ್ದವರೆಲ್ಲ ತಮ್ಮನ್ನೂ ಕೇಳಿಸಿಕೊಳ್ಳುತ್ತಾರೆ, ಸಂಜೆಯೊಳಗೆ ಕಾಲೊನಿ ಪೂರಾ ಕೇಳಿಸಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು. ಲವಂಗಕ್ಕೆಂದು ಕಿಸೆಗೆ ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಅವರು ಮೂಲೆಯ ಕುರ್ಚಿ ಬಿಟ್ಟೆದ್ದು, ಬಂಡೆಮ್ಮನ ಪಕ್ಕಕ್ಕೆ ಬಂದು ಕೂತರು.

“ಯಾಕಬೇ ಯವ್ವಾ, ಮುಂಜಾನಿಂದ ಏನರ ಉಂಡಿದಿಯೋ ಇಲ್ಲೋ? ಮಾರಿ ಬಾಡಿ ಹೋಗ್ಯಾದಲ್ಲಬೇ.”

ಬಂಡೆಮ್ಮ ತಟ್ಟನೆ ತಿರುಗಿ ನೋಡಿದಳು. ಆ ಕಡುನೀಲಿ ಕೋಟನ್ನು, ಅದರೊಳಗಿನ ಮುಖವನ್ನು ಮತ್ತೆ ಮತ್ತೆ ನೋಡಿದಳು. “ಎಲ್ಲಿ ಉಣ್ಲಿ ಯಕ್ಕಾ! ಎದಿ ಡವಡವ ಅನ್ಲಾಕತ್ತದ ಮುಂಜಾನಿಂದ. ಸುದ್ದ ಮಾತಾಡು ಅಂತ ಹೇಳ್ಯಾನ ಈ ನನ ಮಗ. ನಂದು ಅದೇನು ಸುದ್ದ ಅದ? ದೊಡ್ಡೋರ ಮುಂದ ನಮ್ಮ ಮಾತು ಹ್ಯಾಂಗ ಆಡ್ಲಿ ಅಂತ ಗಪ್ಪ್ ಕುಂತೀನಿ ನೋಡು.”

“ಯಾವೂರಾಕಿ ನೀ?” ಎಂದು ಕೇಳಿದರು ಸುಂದರಾಬಾಯಿ. ಜೀವಮಾನದಲ್ಲಿ ಯಾರನ್ನೂ ಕೇಳದ ಪ್ರಶ್ನೆ ಅದು.

“ಭೀಮಿ ದಂಡಿ ಯಕ್ಕಾ, ಯಾದಗಿರಿ ಮಗ್ಗಲಕ.”

“ನಮ್ಮವ್ವಂದೂ ಅದಽ ದಂಡಿ. ಈ ಕಾರ್ಖಾನಿ ಗ್ವಾಡಿಗಿ ಕಲ್ಲು ಒಡಿಲಾಕ ಬಂದಾಕಿ. ನಾ ಆ ಗ್ವಾಡಿ ಬುಡಕ್ಕ ಬೆಳದೀನಿ.”

ಕೋಣೆಯಲ್ಲಿದ್ದವರೆಲ್ಲ ಸುಂದರಾಬಾಯಿಯವರ ಕಡೆ ತಿರುಗಿದರು. ಬಂಡೆಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಕಟ್ಟೆಯೊಡೆದಂತೆ ಮಾತು ಹರಿಯಿತು: ಗಂಡ ಕಟ್ಟಡಕ್ಕೆ ಕಟ್ಟಿದ ಸಾರ‍್ವೆಯಿಂದ ಬಿದ್ದು ಸತ್ತದ್ದು, ಇಟ್ಟಿಗೆ ಹೊರುತ್ತ ಮಗನನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿ ಅಕ್ಷರ ತಿದ್ದಿಸಿದ್ದು, ಈ ಹುಡುಗಿ ಮೊದಲ ಸಲ ಗುಡಿಸಲಿಗೆ ಬಂದವಳು ತನ್ನ ಗಂಗಾಳದಲ್ಲೇ ರೊಟ್ಟಿ ತಿಂದದ್ದು. ಹೇಳುತ್ತ ಅತ್ತಳು, ನಡುವೆ ನಕ್ಕಳು, ಆರಿದ ಚಹಾವನ್ನು ಗಟಗಟನೆ ಕುಡಿದಳು. ವನಜಾ ಒಳಗೆ ಹೋಗಿ ತಾಟಿನ ತುಂಬ ಉಪ್ಪಿಟ್ಟು ತಂದಿಟ್ಟರು. ಆ ಹೊತ್ತಿನಲ್ಲಿ ನಾವೊಂದು ಸಂಗತಿ ಕಂಡೆವು: ಸುಂದರಾಬಾಯಿಯವರ ಕತ್ತು ನೆಟ್ಟಗಿತ್ತು. ಆಕೆಯ ಮಾತನ್ನು ಅವರು ಎಡಗಿವಿಯೊಂದರಿಂದಲೇ ಕೇಳುತ್ತಿರಲಿಲ್ಲ.

ಬಂಡೆಮ್ಮನ ಮಾತು ಒಂದು ನಿಲುಗಡೆಗೆ ಬಂದಾಗ ಅವರು ಚನ್ನಬಸಪ್ಪನವರ ಕಡೆ ತಿರುಗಿ, ತಮ್ಮ ಎಂದಿನ ಆಫೀಸಿನ ದನಿಯಲ್ಲಿ ಹೇಳಿದರು: “ಕೊಟ್ಟೆ. ಮಾತಾಡ್ರಿ.”

ಚನ್ನಬಸಪ್ಪನವರು ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಇಟ್ಟದ್ದು ಒಂದೇ ಷರತ್ತು, ಅದು ಈಡೇರಿತ್ತು. ಬೆನ್ನ ಹಿಂದೆ ಬಚ್ಚಿಟ್ಟವನ್ನು ಈಗ ಎದುರಿಗೆ ತರಲು ನಾಚಿಕೆ ಅಡ್ಡಬಂದಿತು. ನಾಚಿಕೆಯೂ ಎಷ್ಟೋ ಸಲ ಸದ್ಗುಣದ ಕೆಲಸ ಮಾಡಿಬಿಡುತ್ತದೆ. ಕೊನೆಗೆ, “ಉಪ್ಪಿಟ್ಟು ಆರತೈತಿ, ತಗೋರಿ ಬೀಗತಿಯವರ” ಎಂದರು. ಶ್ರಾವಣದಲ್ಲಿ ಮದುವೆಯಾಯಿತು.

ಇದರ ನಂತರ ಕಾಲೊನಿಯಲ್ಲಿ ಬಾಯಿಯವರ ಕಿವಿಗೆ ಹಾಕುವ ಪದ್ಧತಿ ತಾನಾಗಿ ನಿಂತುಹೋಯಿತು. ಯಾರೂ ಅವರನ್ನು ಹೀನವಾಗಿ ಕಂಡರೆಂದಲ್ಲ, ಕಂಡರೂ ತೋರಿಸಿಕೊಳ್ಳಲಿಲ್ಲ. ಆದರೆ ತಮ್ಮೆಲ್ಲರ ಮೇಲೆ ಎಲ್ಲಿಂದಲೋ ತೂಗಿದಂತಿದ್ದ ಆ ಕಿವಿಗೂ ಒಂದು ಊರಿದೆ, ಒಂದು ಗುಡಿಸಲಿದೆ ಎಂದು ತಿಳಿದ ಮೇಲೆ ತೀರ್ಪು ಕೇಳುವ ಉಮೇದು ಜನರಿಗೆ ಉಳಿಯಲಿಲ್ಲ. ಒಬ್ಬಿಬ್ಬರು ಹೆಂಗಸರು, “ಹಂಗಾದ್ರ ನಿಮ್ಮವ್ವಗ ಕಿವಿ ಕೇಳತಿತ್ತೇನ್ರಿ?” ಎಂದು ಕೇಳಿಯೇ ಬಿಟ್ಟರು. “ಎಲ್ಲಾ ಕೇಳತಿತ್ತು” ಎಂದು ಸುಂದರಾಬಾಯಿ ಉತ್ತರಿಸಿದರು. ಆ ದಿನ ಅವರು ಊಟ ಮಾಡಲಿಲ್ಲವೆಂದು ಪಕ್ಕದ ಮನೆಯವರು ಹೇಳಿದ್ದುಂಟು. ಕೋಟು ಮಾತ್ರ ಈಗಲೂ ಹೋಗಿಲ್ಲ. ಭಾನುವಾರಗಳಂದು ಬಂಡೆಮ್ಮನ ಫೋನು ಬರುತ್ತದೆ. ಆಗ ಅವರು ಕಿಟಕಿ ತೆರೆದಿಟ್ಟುಕೊಂಡು, ಕಾಲೊನಿಯೆಲ್ಲ ಕೇಳುವಂತೆ, ಭೀಮಾ ದಂಡೆಯ ಮಾತಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾರೆ. ಆಡುತ್ತ ಆಡುತ್ತ ತಾಯಿಯ ದನಿ ತಮ್ಮದೇ ಗಂಟಲಿನಿಂದ ಬಂದಂತಾಗಿ ಒಮ್ಮೊಮ್ಮೆ ನಿಂತುಬಿಡುತ್ತಾರಂತೆ.

ಮದುವೆಯ ದಿನ ಬಂಡೆಮ್ಮನ ಕಡೆಯವರು, ಕಟ್ಟಡದ ಕೆಲಸ ಬಿಟ್ಟು ಬಂದವರು, ಮಂಟಪದ ಹಿಂದಿನ ಸಾಲಿನಲ್ಲಿ ಮುದ್ದೆಯಾಗಿ ಕೂತಿದ್ದರು. ಉಣ್ಣೆಯ ಕೋಟು ತೊಟ್ಟ ಮುದುಕಿ ತಮ್ಮ ನಡುವೆ ಬಂದು ಕೂತದ್ದನ್ನು ಕಂಡು ಅವರಲ್ಲೊಬ್ಬಳು ಬಂಡೆಮ್ಮನನ್ನು, ಈಕೆ ಯಾರು ಎಂದು ಕೇಳಿದಳು. ಬಂಡೆಮ್ಮ ಗಡಿಬಿಡಿಯಲ್ಲಿದ್ದಳು, ತಿರುಗಿಯೂ ನೋಡದೆ, “ನಮ್ಮಾಕಿ” ಎಂದು ಹೇಳಿ ಅಕ್ಷತೆಯ ಅಕ್ಕಿಕಾಳಿನ ತಾಟು ಹಿಡಿದು ಮುಂದೆ ಹೋದಳು. ಸುಂದರಾಬಾಯಿಯವರು ಅದನ್ನು ಕೇಳಿಸಿಕೊಂಡರು. ಲೋಕಕ್ಕೆಲ್ಲ ಬಾಲ ಹಚ್ಚಿದ ಅವರಿಗೆ ಅಷ್ಟು ವರ್ಷಗಳಲ್ಲಿ ಬೇರೆಯವರು ಹಚ್ಚಿದ್ದು ಇದೊಂದೇ.

ನಾನಾ ದಿಕ್ಕಿನಿಂದ ಬಂದವರು ಕೂಡಿ ಬಾಳುವ ಪ್ರತಿ ಊರಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನೀನು ಇಂಥವನು, ನೀನು ಅಂಥವನು ಎಂದು ಬಂದವರಿಗೆಲ್ಲ ಗುರುತು ಹಚ್ಚುತ್ತ ಅವರು ಬಾಗಿಲಲ್ಲೇ ನಿಂತಿರುತ್ತಾರೆ, ಒಳಗಿನ ಮನೆಗೆ ಅವರೇ ಯಜಮಾನರೆಂದು ನಾವು ತಿಳಿಯುತ್ತೇವೆ. ಒಳಗೆ ಬಂದು ಕೂತುಕೊಳ್ಳಿ ಎಂದು ಅವರಿಗೆ ಯಾರೂ ಹೇಳಿಲ್ಲವೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ. ಆಪರೇಟರನ ಧರ್ಮ ಲೈನ್ ಕೊಟ್ಟು ಸುಮ್ಮನಾಗುವುದು. ಆಯುಷ್ಯವಿಡೀ ಹಾಗೆ ಸುಮ್ಮನಾದವರು ಎಂದಾದರೊಂದು ದಿನ ಲೈನಿನ ನಡುವೆ ತಮ್ಮದೇ ಮಾತು ಆಡಿದರೆ, ಆಚೆಯವರಿಗೂ ಈಚೆಯವರಿಗೂ ಒಟ್ಟಿಗೇ ಕೇಳಿಸುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಪಾಲಿಗೆ ಉಳಿಯುವ ಕೆಲಸ ಒಂದೇ, ಸರಿದು ಕೂತು ಅವರಿಗೆ ಜಾಗ ಮಾಡಿಕೊಡುವುದು.